ಒಳಗಾಳಿ ಹೊರಗಾಳಿ

ಗಾಳಿ ಅಳೆಯುವವರು ಮೈಸೂರಿನಿಂದ ಬರುತ್ತಾರೆಂದು ಗೋಡೌನನ್ನು ಫಿನಾಯಿಲ್ ಹಾಕಿ ತೊಳೆಸಿದರು. ತೊಳೆದವಳು ಚಿಕ್ಕನಿಂಗಮ್ಮ.

ಅದು ಅರಿಶಿನದ ಗೋಡೌನು. ಚಾಮರಾಜನಗರ ದಾಟಿ ಉಡಿಗಾಲದ ಕಡೆ ಹೋಗುವ ರಸ್ತೆಯಲ್ಲಿತ್ತು. ಮಾಲೀಕರು ಮಲ್ಲಿಕಾರ್ಜುನಸ್ವಾಮಿ. ಮುಂದೆ ಆಫೀಸು. ಆಫೀಸಿನ ಹಿಂದೆ ಪ್ಯಾಕಿಂಗ್ ಮಾಡುವ ದೊಡ್ಡ ಕೋಣೆ. ಅದರ ಹಿಂದೆ, ಅಂಗಳಕ್ಕೆ ತೆರೆಯುವ ಕಬ್ಬಿಣದ ಬಾಗಿಲು. ಬಾಗಿಲಿನ ಹಿಂದೆ ಮೂಟೆಕೋಣೆ. ಚಿಕ್ಕನಿಂಗಮ್ಮ ಮತ್ತು ಉಡಿಗಾಲದ ಕೇರಿಯ ಹೆಂಗಸರು ದುಡಿಯುತ್ತಿದ್ದುದು ಮೂಟೆಕೋಣೆಯಲ್ಲಿ. ತೊಳೆಸಿದ್ದು ಪ್ಯಾಕಿಂಗ್ ಕೋಣೆಯನ್ನು.

ಮಳೆಗಾಲ ಮುಗಿದ ಮೇಲೆ ಮೂಟೆಕೋಣೆಯಲ್ಲಿ ಕೆಲಸ ಜಾಸ್ತಿ. ತಳದ ಮೂಟೆಗಳು ನೆಲದ ತೇವ ಕುಡಿದಿರುತ್ತವೆ. ಬಾಯಿ ಬಿಚ್ಚಿದರೆ ಮೇಲೆ ಬಿಳಿ ಬೂಷ್ಟು. ಕೈ ಹಾಕಿದರೆ ಹಸಿರು. ತಳದಲ್ಲಿ ಕಪ್ಪು. ಅರಿಶಿನದ ಕೊಂಬನ್ನು ನೆಲಕ್ಕೆ ಸುರಿದು, ಮಂಡಿಯೂರಿ ಕೂತು, ಗೋಣಿತಾಟಿನಿಂದ ಉಜ್ಜಬೇಕು. ಉಜ್ಜಿದರೆ ಬೂಷ್ಟು ಸಾಯುವುದಿಲ್ಲ. ಮೇಲಕ್ಕೆ ಏಳುತ್ತದೆ. ಎದ್ದು ಬಲ್ಬಿನ ಸುತ್ತ ಹೊಗೆಯ ಹಾಗೆ ನಿಲ್ಲುತ್ತದೆ. ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೂಗಿನ ಮೇಲಿನ ಸೆರಗು ಹಸಿರಾಗುತ್ತಿತ್ತು. ಉಜ್ಜಿದ ಕೊಂಬು ಮತ್ತೆ ಹಳದಿಯಾಗಿ ಕೇರಳದ ಮಸಾಲೆ ಕಂಪನಿಗೆ ಹೋಗುತ್ತಿತ್ತು.

ಮೂಟೆಕೋಣೆಗೆ ಮೊದಲು ಕಿಟಕಿಗಳಿದ್ದವು. ಮಲ್ಲಿಕಾರ್ಜುನಸ್ವಾಮಿ ಗೋಡೌನಿನ ಹಿಂದೆಯೇ ಮನೆ ಕಟ್ಟಿಸಿದರು. ಗೃಹಪ್ರವೇಶವಾದ ಮೇಲೆ ಅವರ ದೇವರ ಮನೆಯಲ್ಲಿ ಧೂಳು ಕೂರತೊಡಗಿತು. ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿಸಿದರು. ಹೆಂಗಸರು ಕೇಳಿದಾಗ, ಕಿಟಕಿ ಇದ್ದರೆ ತೇವ ಬರುತ್ತದೆ, ಮಾಲು ಬೂಷ್ಟು ಹಿಡಿಯುತ್ತದೆ ಎಂದು ಸೂಪರ್‌ವೈಸರ್ ಗುರುಮಲ್ಲಯ್ಯ ಹೇಳಿದ. ಕಿಟಕಿ ಮುಚ್ಚಿದ ಮೇಲೆ ಬೂಷ್ಟು ದುಪ್ಪಟ್ಟಾಯಿತು. ಆ ವಿಚಾರ ಯಾರೂ ಎತ್ತಲಿಲ್ಲ.

ಚಿಕ್ಕನಿಂಗಮ್ಮನ ಸೊಸೆ ಭಾಗ್ಯ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಹುಡುಗಿ. ಮದುವೆಯಾಗಿ ಬಂದಾಗ ತಲೆಯ ಮೇಲೊಂದು ಸೊಂಟದ ಮೇಲೊಂದು ಬಿಂದಿಗೆ ಹೊತ್ತು ಏರಿ ಹತ್ತುವವಳು. ಗಂಡ ಮಾದೇಶ್ ಗುಂಡ್ಲುಪೇಟೆಯಲ್ಲಿ ಕೇರಳಕ್ಕೆ ಹೋಗುವ ತರಕಾರಿ ಲಾರಿಗಳಿಗೆ ಮೂಟೆ ಹೊರುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ಕೂತು ಏನು ಮಾಡಲಿ ಎಂದು ಭಾಗ್ಯ ಅತ್ತೆಯ ಜೊತೆ ಮೂಟೆಕೋಣೆಗೆ ಬಂದಳು. ಕಿಟಕಿ ಮುಚ್ಚಿದ ವರ್ಷವೇ ಬಂದಳು.

ಮೊದಲು ಕೆಮ್ಮು ಬಂತು. ಕೆಮ್ಮಿದರೆ ಹಳದಿ ಕಫ. ಅರಿಶಿನ ಎಂದುಕೊಂಡರು. ಗೋಡೌನಿಗೆ ಹೋಗುವವರಿಗೆಲ್ಲ ಹಳದಿಯೇ ಬರುತ್ತಿತ್ತು. ಆಮೇಲೆ ಸಂಜೆಯಾದರೆ ಚಳಿಜ್ವರ. ಆಮೇಲೆ ಬಿಂದಿಗೆ ಎತ್ತಲಾಗಲಿಲ್ಲ. ಆಮೇಲೆ ತನ್ನ ಪುಟ್ಟ ಮಗಳನ್ನು ಎತ್ತಿಕೊಳ್ಳಲಾಗಲಿಲ್ಲ. ಕೊನೆಗೆ ಮಲಗಿದರೆ ಉಸಿರು ಸಿಗದೆ, ಗೋಡೆಗೊರಗಿ ಕೂತೇ ನಿದ್ದೆ ಮಾಡುವಂತಾದಳು.

ದೊಡ್ಡಾಸ್ಪತ್ರೆಯ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿದರು. ಟಿ.ಬಿ. ಅಲ್ಲ ಎಂದರು. "ಎಲ್ಲಿ ಕೆಲಸ?" ಎಂದು ಕೇಳಿದರು. ಹೇಳಿದಳು. "ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಹೋಗಿ ಕೂತಿದೆ. ಇನ್ನು ಅಲ್ಲಿಗೆ ಹೋಗ್ಬಾರ್ದು. ಮೈಸೂರಿನ ದೊಡ್ಡ ಡಾಕ್ಟರಿಗೆ ತೋರಿಸಿ" ಎಂದು ಮಾತ್ರೆ ಬರೆದುಕೊಟ್ಟರು.

ಭಾಗ್ಯ ಬಸ್ಸು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕನಿಂಗಮ್ಮ ಮಾರನೆಯ ದಿನ ಆಫೀಸಿನ ಮುಂದೆ ಹೋಗಿ ನಿಂತಳು. ಆಫೀಸಿನ ಒಳಗೆ ಮೂಟೆಕೋಣೆಯವರು ಹೋಗುವ ಪದ್ಧತಿ ಇರಲಿಲ್ಲ. ಹೋಗಬೇಡಿ ಎಂದು ಬೋರ್ಡೂ ಇರಲಿಲ್ಲ.

"ಬುದ್ದಿ, ಕಿಟಕಿ ತೆಗಸ್ಬುಡಿ" ಎಂದಳು. "ನನ್ ಸೊಸೆಗೆ ಉಸ್ರೇ ಆಡ್ತಿಲ್ಲ. ಡಾಕ್ಟ್ರು ಬೂಸ್ಟಿಂದ ಅಂದ್ರು. ಉಳ್ದೋರ್ಗೂ ಬಂದ್ಬುಟ್ರೆ ಏನ್ ಮಾಡದು?"

ಮಲ್ಲಿಕಾರ್ಜುನಸ್ವಾಮಿ ಬೈಯುವವರಲ್ಲ. ಅವರ ತಂದೆ ಬೈಯುತ್ತಿದ್ದರು. ಇವರು ಓದಿದವರು.

"ನೋಡಮ್ಮ, ಡಾಕ್ಟ್ರು ಅಂದ್ರು, ಅವರು ಅಂದ್ರು ಇವರು ಅಂದ್ರು ಅಂತ ಗೋಡೆ ಒಡೆಯೋಕಾಗಲ್ಲ. ಗಾಳಿಯಲ್ಲಿ ಬೂಷ್ಟು ಎಷ್ಟಿದೆ ಅಂತ ಅಳೆಯೋ ಮಿಷಿನ್ ಬಂದಿದೆ. ಅಳೆಸೋಣ. ಸೈನ್ಸ್ ಏನು ಹೇಳುತ್ತೋ ಹಾಗೆ ಮಾಡೋಣ."

ಚಿಕ್ಕನಿಂಗಮ್ಮ ಕೈಮುಗಿದು ಬಂದಳು. ಗಾಳಿಗೂ ಮಿಷಿನ್ ಬಂದಿದೆಯಂತೆ, ಅಳೆಸುತ್ತಾರಂತೆ ಎಂದು ಭಾಗ್ಯಳಿಗೆ ಹೇಳಿದಳು. ಭಾಗ್ಯ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು.

ಅಳೆಯಲು ಬಂದವಳು ಭಾನು ಎಂಬ ಹುಡುಗಿ. ಮೈಸೂರಿನ ಒಂದು ಲ್ಯಾಬಿನವಳು. ಬಿಳಿ ಕೋಟು, ಒಂದು ಪೆಟ್ಟಿಗೆ, ಗಾಳಿ ಹೀರುವ ಪುಟ್ಟ ಯಂತ್ರ, ಮುಚ್ಚಳವಿದ್ದ ಗಾಜಿನ ತಟ್ಟೆಗಳು. ಅವತ್ತು ಮೂಟೆಕೋಣೆಗೆ ಬೀಗ ಬಿದ್ದಿತ್ತು. ಹೆಂಗಸರನ್ನು ಆಫೀಸಿನ ಪಕ್ಕದ ಹೊಂಗೆಮರದ ಕೆಳಗೆ ಕಳಿಸಿದ್ದರು. ಸುಮ್ಮನೆ ಕೂರಿಸಿ ಕೂಲಿ ಕೊಡುವುದು ಗುರುಮಲ್ಲಯ್ಯನ ಜಾಯಮಾನವಲ್ಲ. ಬೂಷ್ಟು ಹಿಡಿದ ಖಾಲಿ ಚೀಲಗಳನ್ನೆಲ್ಲ ಹೊರಗೆ ಹಾಕಿಸಿ, ಕೋಲು ಕೊಟ್ಟು, ಬಡಿದು ಕೊಡವಿ ಎಂದಿದ್ದ. ಹೆಂಗಸರು ಬಡಿಯುತ್ತಿದ್ದರು.

ಭಾನು ಆಫೀಸಿನಲ್ಲೊಂದು, ಪ್ಯಾಕಿಂಗ್ ಕೋಣೆಯಲ್ಲೊಂದು ತಟ್ಟೆ ಇಟ್ಟು ಗಾಳಿ ಹಿಡಿದಳು. ಆಮೇಲೆ ಯಂತ್ರ ಹಿಡಿದುಕೊಂಡು ಹೊಂಗೆಮರದ ಹತ್ತಿರ ಬಂದಳು. ಜೊತೆಯಲ್ಲಿ ಗುರುಮಲ್ಲಯ್ಯ.

"ಹೊರಗಿನ ಗಾಳಿಯನ್ನೂ ಹಿಡೀಬೇಕು. ಒಳಗಿಂದನ್ನ ಇದಕ್ಕೆ ಹೋಲಿಸಿ ನೋಡೋದು" ಎಂದಳು.

"ಇಲ್ಲೇ ಇಡಿ ಮೇಡಂ. ನೆರಳದೆ" ಎಂದ ಗುರುಮಲ್ಲಯ್ಯ.

"ಇಲ್ಲಿ ಧೂಳು ಹೊಡೀತಿದ್ದಾರಲ್ಲ?"

"ಹೊರಗಡೆ ಅಂದ್ಮೇಲೆ ಧೂಳಿರಲ್ವಾ ಮೇಡಂ? ಹೊರಗೆ ಅಂದ್ರೆ ಹೊರಗೇ ತಾನೇ?"

ಹೆಂಗಸರು ಕೋಲು ನಿಲ್ಲಿಸಿದ್ದರು. ಅವನು ಅವರ ಕಡೆ ತಿರುಗಿ, "ನೀವ್ಯಾಕೆ ನಿಂತ್ಕೊಂಡ್ರಿ? ನಿಮ್ಮ ಕೆಲ್ಸ ನೀವು ಮಾಡಿ" ಎಂದ. ಹೆಂಗಸರು ಬಡಿದರು. ಯಂತ್ರ ಗುಂಯ್ ಎಂದು ಗಾಳಿ ಹೀರಿತು.

ಚಿಕ್ಕನಿಂಗಮ್ಮ ಕೋಲು ಕೆಳಗಿಟ್ಟು ಹುಡುಗಿಯ ಹತ್ತಿರ ಹೋದಳು.

"ಅವ್ವ, ನಾವು ಗೇಯಾದು ಆ ಕಬ್ಣದ್ ಬಾಗ್ಲ ಇಂದೆ ಕಣವ್ವ. ಅಲ್ಲಿ ಇಡ್ನಿಲ್ಲ ನೀನು."

ಭಾನು ಗುರುಮಲ್ಲಯ್ಯನ ಮುಖ ನೋಡಿದಳು.

"ಅದು ಹಳೇ ಸಾಮಾನಿನ ರೂಮು ಮೇಡಂ. ಬೀಗದ ಕೈ ಸಾಹುಕಾರ್ರ ಹತ್ರ ಅದೆ. ಅವರು ಮೈಸೂರಿಗೆ ಹೋಗವ್ರೆ. ಈಯಮ್ಮ ಹೊಸಬಳು, ಗೊತ್ತಾಗಲ್ಲ."

ಚಿಕ್ಕನಿಂಗಮ್ಮ ಆ ಗೋಡೌನಿಗೆ ಸೇರಿದಾಗ ಗುರುಮಲ್ಲಯ್ಯನಿಗೆ ಮೀಸೆ ಬಂದಿರಲಿಲ್ಲ. ಸಾಹುಕಾರರು ಆಫೀಸಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದುದು ಹೊಂಗೆಮರದವರೆಗೂ ಕೇಳುತ್ತಿತ್ತು. ಭಾನು ಗಡಿಯಾರ ನೋಡಿಕೊಂಡಳು. ಸಂಜೆಯೊಳಗೆ ಅವಳು ನಂಜನಗೂಡಿನಲ್ಲಿ ಇನ್ನೊಂದು ಕಡೆ ಗಾಳಿ ಹಿಡಿಯಬೇಕಿತ್ತು. ತಟ್ಟೆಗೆ ಮುಚ್ಚಳ ಹಾಕಿ, ಅದರ ಮೇಲೆ 'ಹೊರಗೆ' ಎಂದು ಬರೆದು, ಪೆಟ್ಟಿಗೆಯೊಳಗಿಟ್ಟುಕೊಂಡು ಹೋದಳು.

ರಿಪೋರ್ಟು ಬಂದ ದಿನ ಮಲ್ಲಿಕಾರ್ಜುನಸ್ವಾಮಿ ಹೆಂಗಸರನ್ನೆಲ್ಲ ಅಂಗಳದಲ್ಲಿ ಸೇರಿಸಿದರು. ತಾವೇ ಓದಿ ಹೇಳಿದರು. ಒಳಗಿನ ಗಾಳಿಯಲ್ಲಿ ಬೂಷ್ಟು ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನ ಗಾಳಿಯಲ್ಲಿ ವಿಪರೀತ.

"ಅರ್ಥ ಆಯ್ತಾ? ನಮ್ಮ ಗೋಡೌನಲ್ಲಿ ಬೂಷ್ಟಿಲ್ಲ. ಬೂಷ್ಟು ಹೊರಗಡೆ ಇದೆ. ಕಿಟಕಿ ತೆಗೆದರೆ ಅದೆಲ್ಲ ಒಳಗೆ ಬರುತ್ತೆ. ಈಗಲೇ ಎಲ್ಲಿಂದಲೋ ಬರ್ತಾ ಇದೆ. ಹೊರಗಿಂದ ದಿನಾ ಒಳಗೆ ಬರೋರು ಯಾರು?"

ರಸ್ತೆಯಲ್ಲಿ ತಿರುಗಾಡಿಕೊಂಡು ಬಂದ ಸಾಹುಕಾರರ ನಾಯಿ ಗೇಟು ದಾಟಿ ಅವರ ಕಾಲ ಬುಡದಲ್ಲಿ ಮಲಗಿತು.

"ನಿಮ್ಮನ್ನು ಬೈತಿಲ್ಲ" ಎಂದರು ಮಲ್ಲಿಕಾರ್ಜುನಸ್ವಾಮಿ. "ನಿಮ್ಮ ಮನೆಗಳೇ ಹಾಗಿವೆ. ತೇವದ ಗೋಡೆ, ಬೆಳಕಿಲ್ಲ. ಬಟ್ಟೆಗೆಲ್ಲ ಬೂಷ್ಟು ಮೆತ್ಕೊಂಡು ಬರುತ್ತೆ. ನಿನ್ನ ಸೊಸೆಗೂ ಅದೇ ಆಗಿರೋದು ಚಿಕ್ಕನಿಂಗಮ್ಮ. ಮನೆಯಿಂದಲೇ. ನಾಳೆಯಿಂದ ಗೇಟಿನ ಹತ್ರ ತಗಡಿನ ಮರೆ ಕಟ್ಟಿಸ್ತೀನಿ. ಅಲ್ಲಿ ಮೈಕೈ ತೊಳ್ಕೊಂಡು, ಔಷಧಿ ಹೊಡೆಸ್ಕೊಂಡು ಒಳಗೆ ಬರ್ಬೇಕು. ನಿಮ್ಮ ಆರೋಗ್ಯಕ್ಕೇ ಒಳ್ಳೇದು."

ಔಷಧಿ ಹೊಡೆಯುವ ಕೆಲಸ ದೊಡ್ಡಮಾದಯ್ಯನಿಗೆ ಬಂತು. ಅವನು ಚಿಕ್ಕನಿಂಗಮ್ಮನ ಗಂಡನ ಅಣ್ಣ. ಗೋಡೌನಿನಲ್ಲಿ ಮೂಟೆ ಹೊತ್ತು ಹೊತ್ತು ಬೆನ್ನು ಬಾಗಿದವನು. ಬಾಳೆತೋಟಕ್ಕೆ ಹೊಡೆಯುವ ಕ್ಯಾನನ್ನು ಬೆನ್ನಿಗೇರಿಸಿ, ಕೊಳವೆ ಕೈಗೆ ಕೊಟ್ಟು, "ನಿಮ್ಮೋರೇ ಹೊಡೆದ್ರೆ ನಿಮ್ಮೋರಿಗೆ ಬೇಜಾರಾಗಲ್ಲ" ಎಂದ ಗುರುಮಲ್ಲಯ್ಯ.

ಮೊದಲ ದಿನ ಹೆಂಗಸರು ಸಾಲಾಗಿ ನಿಂತರು. ತಗಡಿನ ಮರೆ ಸೊಂಟದವರೆಗೆ ಮಾತ್ರ ಇತ್ತು. ಅದಕ್ಕಿಂತ ಎತ್ತರದ ತಗಡು ಸಿಕ್ಕಿರಲಿಲ್ಲವಂತೆ. ದೊಡ್ಡಮಾದಯ್ಯ ಮುಖ ಆ ಕಡೆ ತಿರುಗಿಸಿಕೊಂಡು, "ಕಣ್ ಮುಚ್ಕಳ್ರವ್ವ" ಎಂದು ಹೊಡೆದ. ಮುಂದಿನಿಂದ ಹೊಡೆದ. ತಿರುಗಿಕೊಳ್ಳಿ ಎಂದ. ಹಿಂದಿನಿಂದ ಹೊಡೆದ. ಕೇರಿಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಕುಮಾರಿಯ ಕುಪ್ಪಸ ನೆನೆದು ಮೈಗೆ ಅಂಟಿತು. ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯೊಂದು ನಿಧಾನವಾಯಿತು. ಕುಮಾರಿ ಎರಡು ಕೈಯನ್ನೂ ಎದೆಗೆ ಕಟ್ಟಿಕೊಂಡಳು.

"ಕೈ ತೆಗ್ಯಮ್ಮಿ. ಕಂಕುಳಿಗೆ ಬೀಳ್ಬೇಕು. ಬೂಷ್ಟು ಅಲ್ಲೇ ಇರಾದು" ಎಂದ ಗುರುಮಲ್ಲಯ್ಯ.

ಅವಳು ಕೈ ತೆಗೆದಳು.

ಲೆಕ್ಕ ಬರೆಯುವ ಸುಧಾಮಣಿ ಸ್ಕೂಟಿಯಲ್ಲಿ ಬಂದಳು. ಅವಳಿಗೆ ಹೊಡೆಯಲಿಲ್ಲ. ವ್ಯಾಪಾರಿಗಳು ಕಾರಿನಲ್ಲಿ ಬಂದರು. ಅವರಿಗೆ ಹೊಡೆಯಲಿಲ್ಲ. ನಾಯಿ ಒಳಗೆ ಹೊರಗೆ ಓಡಾಡಿಕೊಂಡಿತ್ತು. ಅದಕ್ಕೂ ಹೊಡೆಯಲಿಲ್ಲ. ಇವರೆಲ್ಲ ಬರುತ್ತಿದ್ದುದು ಹೊರಗಿನಿಂದಲೇ. ಆದರೆ ಇವರ ಹೊರಗು ಬೇರೆ.

ಹಸಿ ಬಟ್ಟೆಯಲ್ಲೇ ಹೆಂಗಸರು ಮೂಟೆಕೋಣೆಗೆ ಹೋಗುತ್ತಿದ್ದರು. ಮೊದಲು ಬೂಷ್ಟು ಮೂಗಿಗೆ ಮಾತ್ರ ಹೋಗುತ್ತಿತ್ತು. ಈಗ ಒದ್ದೆ ಮೈಗೂ ಮೆತ್ತಿತು. ತೋಳಿನ ಮೇಲೆ, ಕತ್ತಿನ ಸುತ್ತ ಗಂಧೆ ಎದ್ದವು. ಕೆರೆದುಕೊಂಡರೆ ಔಷಧಿ ಉರಿಯುತ್ತಿತ್ತು.

ಗೋಡೌನಿನ ಎದುರಿಗೆ ಪುಟ್ಟಮಲ್ಲಪ್ಪನ ಹೋಟೆಲು. ಅವನ ತಂದೆಯ ಕಾಲದಲ್ಲಿ ಅಲ್ಲಿ ಕೇರಿಯವರಿಗೆ ಬೇರೆ ಲೋಟ ಇತ್ತು. ಕೇಸಾದ ಮೇಲೆ ನಿಂತಿತ್ತು. ಒಂದು ದಿನ ಚಿಕ್ಕನಿಂಗಮ್ಮ ಟೀ ಕೇಳಿದರೆ ಪುಟ್ಟಮಲ್ಲಪ್ಪ ಕಾಗದದ ಲೋಟದಲ್ಲಿ ಕೊಟ್ಟ. ಪಕ್ಕದಲ್ಲಿದ್ದವರ ಕೈಯಲ್ಲಿ ಗಾಜಿನ ಲೋಟವಿತ್ತು.

"ಯಾಕಪ್ಪ, ಗ್ಲಾಸಿಲ್ವಾ?"

"ತಪ್ಪು ತಿಳ್ಕೋಬೇಡಮ್ಮ. ಜಾತಿಗೀತಿ ಏನೂ ಇಲ್ಲ. ನಿಮ್ಮ ಮೈಯಲ್ಲಿ ಬೂಷ್ಟದೆ ಅಂತ ರಿಪೋರ್ಟ್ ಬಂದದಂತಲ್ಲ. ಗಿರಾಕಿಗಳು ಕೇಳ್ತಾರೆ."

ಅವತ್ತು ಸಂಜೆ ಕೇರಿಯ ಜಗುಲಿಯ ಮೇಲೆ ದೊಡ್ಡಮಾದಯ್ಯ ಔಷಧಿಯ ಕೈಯನ್ನು ಮಣ್ಣಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಚಿಕ್ಕನಿಂಗಮ್ಮ ಲೋಟದ ವಿಷಯ ಹೇಳಿದಳು. ಅವನು ತಲೆ ಎತ್ತಲಿಲ್ಲ.

"ನಮ್ಮಪ್ಪನ್ ಕಾಲ್ದಲ್ಲಿ ಮೈಲ್ಗೆ ಅಂತಿದ್ರು. ಈಗ ಬೂಸ್ಟು ಅಂತವ್ರೆ. ಆಗ ಅವ್ರೇ ನೀರೆರಚ್ಕತಿದ್ರು. ಈಗ ನಮ್ ಕೈಲೇ ನಮ್ಗೆ ಎರಚ್ಸ್ತಾವ್ರೆ. ಅಷ್ಟೇ ಕಣವ್ವ ಮುಂದ್ಕೆ ಬಂದಿರಾದು."

ಚಿಕ್ಕನಿಂಗಮ್ಮ ಮನೆಯೊಳಗೆ ಹೋದಳು. ಭಾಗ್ಯ ಗೋಡೆಗೊರಗಿ ಕೂತಿದ್ದಳು. ಮೊಮ್ಮಗಳು ಅಜ್ಜಿಯನ್ನು ಕಂಡು ಓಡಿ ಬಂದು ಸೆರಗಿಗೆ ಮುಖ ಒತ್ತಿ, ಥೂ ಎಂದು ಹಿಂದೆ ಸರಿಯಿತು. ಚಿಕ್ಕನಿಂಗಮ್ಮ ಸೊಸೆಗೆ ಮಾತ್ರೆ ಕೊಡಲು ಹತ್ತಿರ ಕೂತಳು. ಸೀರೆಯಿಂದ ಔಷಧಿಯ ಘಾಟು ಬರುತ್ತಿತ್ತು. ಭಾಗ್ಯಳಿಗೆ ಉಸಿರು ಕಟ್ಟಿತು. ಕತ್ತಿನ ನರಗಳು ಹುರಿಯಾದವು. ಬಾಯಿ ತೆರೆದಳು, ಗಾಳಿ ಒಳಗೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಮಾತು ಬಂತು.

"ಅತ್ತೆ, ವಸಿ ದೂರ ಕುಂತ್ಕಳಿ."

ಚಿಕ್ಕನಿಂಗಮ್ಮ ದೂರ ಕೂತಳು. ಗೇಟಿನಲ್ಲಿ ದೂರ ನಿಲ್ಲು ಎಂದಿದ್ದರು. ನಿಂತಿದ್ದಳು. ಹೋಟೆಲಿನಲ್ಲಿ ದೂರ ಇಟ್ಟಿದ್ದರು. ಕುಡಿದು ಬಂದಿದ್ದಳು. ತನ್ನ ಮನೆಯಲ್ಲಿ, ತನ್ನ ಸೊಸೆ ಹೇಳಿದ್ದು ಇದೇ ಮೊದಲು. ಅವಳದೇನೂ ತಪ್ಪಿರಲಿಲ್ಲ. ಮಾತ್ರೆಯನ್ನು ನೆಲದ ಮೇಲೆ ಜಾರಿಸಿ ಕೊಟ್ಟಳು.

ಬೆಳಿಗ್ಗೆ ಎಂದಿನ ಹಾಗೆ ಕೆಲಸಕ್ಕೆ ಹೋದಳು. ಎಂದಿನ ಹಾಗೆ ಹೆಂಗಸರು ತಗಡಿನ ಮರೆಯ ಮುಂದೆ ಸಾಲು ನಿಂತಿದ್ದರು. ಚಿಕ್ಕನಿಂಗಮ್ಮ ಸಾಲು ದಾಟಿ ಮುಂದೆ ಹೋದಳು. ಮರೆಯೊಳಗೆ ಹೋಗಲಿಲ್ಲ. ದೊಡ್ಡಮಾದಯ್ಯ ಅಭ್ಯಾಸದಿಂದ ಕೊಳವೆ ಎತ್ತಿದ. ಅವಳು ಕೊಳವೆಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡಳು.

"ಇಳಿಸ್ಬುಡಿ ಬಾವ."

ಅವನು ಅವಳ ಮುಖ ನೋಡಿದ. ಬೆನ್ನಿನಿಂದ ಕ್ಯಾನನ್ನು ಬಿಚ್ಚಿ ನೆಲದ ಮೇಲಿಟ್ಟ. ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡ.

ಗುರುಮಲ್ಲಯ್ಯ ಓಡಿಬಂದ. "ಏಯ್, ಏನಮ್ಮಿ ಇದು? ಔಷಧಿ ಹೊಡೆಸ್ಕೊಳ್ದೆ ಒಳಗೆ ಬಿಡಲ್ಲ."

"ಮೊದ್ಲು ಮೂಟೆಗೆ ಒಡೀರಿ" ಎಂದಳು.

"ಮೂಟೆಗಾ? ಮೂಟೆಗೆ ಹೊಡೆದ್ರೆ ಮಾಲು ಕೆಡ್ತದೆ."

"ನಮ್ಗೆ ಒಡದ್ರೆ?"

ಗುರುಮಲ್ಲಯ್ಯ ಗೇಟಿನ ಆಚೆ ಕೈ ತೋರಿಸಿದ.

"ಇಷ್ಟ ಇಲ್ದೋರು ಹೋಗ್ಬಹುದು" ಎಂದ.

ಚಿಕ್ಕನಿಂಗಮ್ಮ ಹೋಗಲಿಲ್ಲ. ಗೇಟಿನ ಆಚೆ, ರಸ್ತೆಯ ಅಂಚಿನಲ್ಲಿ ಕೂತಳು. ಕುಮಾರಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಘೋಷಣೆ ಕೂಗಲಿಲ್ಲ. ಯಾರಿಗೂ ಬರುತ್ತಿರಲಿಲ್ಲ. ಕೂಗಿದರೆ ಕೆಮ್ಮು ಬರುತ್ತಿತ್ತು. ಎಲೆಯಡಿಕೆ ಹಾಕಿಕೊಂಡು ಕೂತರು. ದೊಡ್ಡಮಾದಯ್ಯನೂ ಬಂದು ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ.

ಬೀಟಿನ ಪೊಲೀಸಿನವನು ಬೈಕು ನಿಲ್ಲಿಸಿದ. "ಏನಮ್ಮ ಗುಂಪು?"

"ಗಾಳಿ ಕುಡೀತಾ ಕುಂತಿವಿ ಸಾ" ಎಂದಳು ಕುಮಾರಿ.

ಅವನಿಗೆ ಅದು ಅಪರಾಧ ಎನ್ನಿಸಲಿಲ್ಲ. ಹೋದ.

ಮಲ್ಲಿಕಾರ್ಜುನಸ್ವಾಮಿ ತಲೆ ಕೆಡಿಸಿಕೊಳ್ಳಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಗುಂಡ್ಲುಪೇಟೆ ಕಡೆಯಿಂದ ಒಂದು ಟೆಂಪೋ ತುಂಬ ಹೆಂಗಸರನ್ನು ತರಿಸಿದರು. ಟೆಂಪೋ ಗೇಟಿನ ಮುಂದೆ ನಿಂತಿತು. ಮೊದಲು ಇಳಿದವಳು ಚಿಕ್ಕನಿಂಗಮ್ಮನನ್ನು ಕಂಡು ಬಾಯಿ ಮೇಲೆ ಕೈಯಿಟ್ಟುಕೊಂಡಳು. ತೆರಕಣಾಂಬಿಯವಳು. ಭಾಗ್ಯಳ ಚಿಕ್ಕವ್ವ.

"ಇದೇನ್ ಬೀಗ್ತಿ, ಬೀದೀಲಿ ಕುಂತಿದ್ದೀರಿ? ಭಾಗ್ಯ ಎಂಗವ್ಳೆ?"

"ಕುಂತೇ ಅವ್ಳೆ. ಮಲಗಾಕಾಗ್ದು" ಎಂದಳು ಚಿಕ್ಕನಿಂಗಮ್ಮ. ಕಬ್ಬಿಣದ ಬಾಗಿಲು ಕಾಣುವ ಕಡೆ ಕೈ ತೋರಿಸಿದಳು. "ಅದೇ ರೂಮು. ನೀವೀಗ ಓಗಾದು ಅಲ್ಗೇಯ. ಓಗಾಕ್ ಮುಂಚೆ ಅಲ್ಲಿ ತಗಡಿನ್ ಮರೇಲಿ ನಿಂತ್ಕಬೇಕು. ಔಸ್ದಿ ಒಡೀತಾರೆ."

"ಯಾತಕ್ಕೆ?"

"ನಮ್ಮಿಂದ ಗಾಳಿ ಕೆಡ್ತದಂತೆ."

ಚಿಕ್ಕವ್ವ ತಗಡಿನ ಮರೆ ನೋಡಿದಳು. ಕ್ಯಾನು ನೋಡಿದಳು. ಹಿಂದೆ ತಿರುಗಿ ಟೆಂಪೋದಲ್ಲಿದ್ದವರಿಗೆ, "ಇಳೀಬ್ಯಾಡ್ರವ್ವ" ಎಂದಳು. ಡ್ರೈವರು ವಾಪಸು ಹೋಗುವುದಕ್ಕೆ ತನಗೆ ಹೇಳಿಲ್ಲ ಎಂದ. ಹೆಂಗಸರು ಇಳಿದು, ಗೇಟಿನ ಕಡೆ ನೋಡದೆ, ಗುಂಡ್ಲುಪೇಟೆ ಬಸ್ಸಿಗೆ ಕೈ ಅಡ್ಡ ಹಾಕಿದರು. ಚಿಕ್ಕವ್ವ ಮಾತ್ರ ಉಡಿಗಾಲಕ್ಕೆ ಹೋದಳು, ಭಾಗ್ಯಳನ್ನು ನೋಡಲು.

ಅದರ ಹಿಂದೆಯೇ ಕೇರಳದ ಲಾರಿ ಬಂತು. ಡ್ರೈವರು ಎಂಜಿನ್ ಆರಿಸದೆ ಇಳಿದು, "ಲೋಡ್ ಎವಿಡೆ ಸಾರ್? ಎಲ್ಲಿ ಲೋಡು?" ಎಂದು ಕೇಳಿದ. ಉಜ್ಜಿದ ಮಾಲು ಇರಲಿಲ್ಲ. ಬೂಷ್ಟು ಹಿಡಿದದ್ದು ಬೇಕಾದಷ್ಟಿತ್ತು.

ಮಲ್ಲಿಕಾರ್ಜುನಸ್ವಾಮಿ ಗೇಟಿಗೆ ಬಂದರು. ಅವರು ಗೇಟಿನವರೆಗೆ ನಡೆದು ಬಂದಿದ್ದನ್ನು ಹೆಂಗಸರು ಯಾವತ್ತೂ ನೋಡಿರಲಿಲ್ಲ. ಯಾವಾಗಲೂ ಕಾರಿನಲ್ಲಿ ದಾಟುತ್ತಿದ್ದರು.

"ಆಯ್ತು. ಔಷಧಿ ಬೇಡ. ತಗಡು ಕೀಳಿಸ್ತೀನಿ. ಬನ್ನಿ, ಕೆಲಸ ಶುರು ಮಾಡಿ."

"ಕಿಟಕಿ?" ಎಂದಳು ಚಿಕ್ಕನಿಂಗಮ್ಮ. ಕೂತೇ ಇದ್ದಳು.

"ಕಿಟಕಿ ಯಾಕಮ್ಮ? ಒಳಗೆ ಬೂಷ್ಟಿಲ್ಲ ಅಂತ ರಿಪೋರ್ಟೇ ಬಂದಿದೆಯಲ್ಲ."

"ಸರಿ. ಬೂಸ್ಟಿಲ್ಲ. ಅಂಗಾರೆ ನೀವೂ ಒಳಕ್ ಬನ್ನಿ. ನಾವು ಉಜ್ತೀವಿ, ನೀವು ನಿಂತ್ಕಂಡು ನೋಡಿ. ನೀವು ಎಷ್ಟೊತ್ ನಿಂತ್ಕತೀರೋ ಅಷ್ಟೊತ್ ಗೇಯ್ತೀವಿ."

ಈ ಸಲ ಅವಳು ಸಾಹುಕಾರರನ್ನು ಬುದ್ದಿ ಎಂದು ಕರೆಯಲಿಲ್ಲ. ಗುರುಮಲ್ಲಯ್ಯ ಗಮನಿಸಿದ. ಏನೋ ಹೇಳಲು ಹೋದ. ಮಲ್ಲಿಕಾರ್ಜುನಸ್ವಾಮಿ ನಕ್ಕು ತಡೆದರು. "ನನ್ನ ಗೋಡೌನಿಗೆ ಹೋಗೋಕೆ ನನಗೇನು ಹೆದರಿಕೆಯೇನಮ್ಮ?" ಎಂದರು. ಅವರಿಗೆ ಹೆದರಿಕೆ ಇರಲಿಲ್ಲ. ರಿಪೋರ್ಟನ್ನು ಅವರು ನಂಬಿದ್ದರು. ಕಿಟಕಿ ಮುಚ್ಚಿಸಿದ ಮೇಲೆ ಒಮ್ಮೆಯೂ ಮೂಟೆಕೋಣೆಯೊಳಕ್ಕೆ ಹೋಗಿರಲಿಲ್ಲ.

ಹೆಂಗಸರು ಎದ್ದರು. ಕಬ್ಬಿಣದ ಬಾಗಿಲು ತೆಗೆದು ಒಳಗೆ ಹೋದರು. ಮಲ್ಲಿಕಾರ್ಜುನಸ್ವಾಮಿ ಬಿಳಿ ಅಂಗಿಯಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಬಲ್ಬಿನ ಕೆಳಗೆ ನಿಂತರು. ಬಾಗಿಲು ಎಂದಿನ ಹಾಗೆ ಹಾಕಿಕೊಂಡಿತು. ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡರು. ಚಿಕ್ಕನಿಂಗಮ್ಮ ತಳದ ಮೂಟೆಯೊಂದನ್ನು ಎಳೆದು, ದಾರ ಕಿತ್ತು, ಬುಡಮೇಲು ಸುರಿದಳು. ಕೊಂಬುಗಳು ಅಂಟಿಕೊಂಡು ಗಡ್ಡೆಯಾಗಿ ಬಿದ್ದವು. ಬಿದ್ದ ರಭಸಕ್ಕೆ ಹಸಿರು ಧೂಳು ಎದ್ದಿತು. ಅವಳು ಬೇಕೆಂದು ಜೋರಾಗಿ ಸುರಿಯಲಿಲ್ಲ. ದಿನಾ ಸುರಿಯುವ ಹಾಗೆಯೇ ಸುರಿದಳು. ಎಲ್ಲರೂ ಮಂಡಿಯೂರಿ ಉಜ್ಜತೊಡಗಿದರು.

ಬಲ್ಬು ಮಂಕಾಯಿತು. ಮಲ್ಲಿಕಾರ್ಜುನಸ್ವಾಮಿ ಜೇಬಿನಿಂದ ಕರ್ಚೀಫು ತೆಗೆದರು. ಮೂಗಿಗೆ ಹಿಡಿದರು. ಆಮೇಲೆ ಬಾಯಿಗೂ ಹಿಡಿದರು.

"ಬಾಗಿಲು ತೆಗೀರಿ ಸ್ವಲ್ಪ."

"ತೆಗದ್ರೆ ತೇವ ಬತ್ತದಂತೆ" ಎಂದಳು ಕುಮಾರಿ, ತಲೆ ಎತ್ತದೆ. "ಗುರುಮಲ್ಲಯ್ನೋರು ಬೊಯ್ತಾರೆ."

ಹೆಂಗಸರು ಉಜ್ಜಿದರು. ಒಬ್ಬಳಿಗೆ ಕೆಮ್ಮು ಬಂತು. ಅವಳು ಕೆಮ್ಮುತ್ತಲೇ ಉಜ್ಜಿದಳು. ಇನ್ನೊಬ್ಬಳಿಗೆ ಬಂತು. ಮಲ್ಲಿಕಾರ್ಜುನಸ್ವಾಮಿಯವರಿಗೂ ಬಂತು. ಅವರಿಗೆ ಕೆಮ್ಮುತ್ತಲೇ ನಿಲ್ಲುವ ಅಭ್ಯಾಸ ಇರಲಿಲ್ಲ. ಗೋಡೆ ಹಿಡಿದುಕೊಂಡರು. ಗೋಡೆ ತಣ್ಣಗೆ, ಮೆತ್ತಗೆ ಇತ್ತು. ಕೈ ತೆಗೆದು ನೋಡಿದರು. ಅಂಗೈ ಕಪ್ಪಾಗಿತ್ತು. ಬಾಗಿಲನ್ನು ಭುಜದಿಂದ ನೂಕಿ ಹೊರಗೆ ಹೋದರು.

ಹೆಂಗಸರು ಕೈಯಲ್ಲಿದ್ದ ಗೋಣಿತಾಟನ್ನು ಅಲ್ಲಲ್ಲೇ ಇಟ್ಟು, ಎದ್ದು, ಅವರ ಹಿಂದೆಯೇ ಹೊರಗೆ ಬಂದರು.

ಅಂಗಳದಲ್ಲಿ ಬಿಸಿಲಿತ್ತು. ಮಲ್ಲಿಕಾರ್ಜುನಸ್ವಾಮಿ ನಲ್ಲಿಯ ಹತ್ತಿರ ಬಗ್ಗಿ ಕೆಮ್ಮುತ್ತಿದ್ದರು. ಸುಧಾಮಣಿ ನೀರಿನ ಲೋಟ ಹಿಡಿದು ನಿಂತಿದ್ದಳು. ಹೆಂಗಸರು ಸಾಲಾಗಿ ನಿಂತರು.

"ನೀವ್ಯಾಕೆ ಬಂದ್ರಿ? ನಡೀರಿ ಒಳಕ್ಕೆ, ಲಾರಿ ನಿಂತದೆ" ಎಂದ ಗುರುಮಲ್ಲಯ್ಯ.

"ಸಾವ್ಕಾರ್ರು ಈಚೆಗವ್ರೆ" ಎಂದಳು ಚಿಕ್ಕನಿಂಗಮ್ಮ. "ಅವ್ರು ಒಳಕ್ಕೋದ್ರೆ ನಾವೂ ಓಯ್ತೀವಿ."

ಎಲ್ಲರೂ ಮಲ್ಲಿಕಾರ್ಜುನಸ್ವಾಮಿಯವರನ್ನು ನೋಡಿದರು. ಅವರು ತೆರೆದಿದ್ದ ಕಬ್ಬಿಣದ ಬಾಗಿಲನ್ನು ನೋಡಿದರು. ಲಾರಿಯವನು ಎಂಜಿನ್ ಆರಿಸಿದ.

"ಕಿಟಕಿ ಒಡೆಸು" ಎಂದರು ಗುರುಮಲ್ಲಯ್ಯನಿಗೆ.

"ಸಾಹುಕಾರ್ರೆ, ಮನೆ ಕಡೆ..."

"ಒಡೆಸೋ ಅಂದೆ."

ದೊಡ್ಡಮಾದಯ್ಯ ಯಾರ ಅಪ್ಪಣೆಗೂ ಕಾಯದೆ ಹಾರೆ ತೆಗೆದುಕೊಂಡು ಗೋಡೆಯ ಹಿಂಭಾಗಕ್ಕೆ ಹೋದ. ಇಟ್ಟಿಗೆಗೆ ಏಟು ಬೀಳುವ ಸದ್ದು ಕೇಳಿತು. ಕುಮಾರಿ ಚಿಕ್ಕನಿಂಗಮ್ಮನ ಕೈ ಹಿಡಿದು, "ದೊಡ್ಡವ್ವ, ಒಡೀತಾವ್ರೆ!" ಎಂದಳು. ಚಿಕ್ಕನಿಂಗಮ್ಮ ಹೂಂ ಎಂದಳು. ಕೈ ಬಿಡಿಸಿಕೊಂಡು ನಲ್ಲಿಯ ಹತ್ತಿರ ನಡೆದಳು. ಸುಧಾಮಣಿ ತಾನಾಗಿ ಒಂದು ಹೆಜ್ಜೆ ಹಿಂದೆ ಸರಿದಳು. ಚಿಕ್ಕನಿಂಗಮ್ಮ ಹತ್ತಿರವೇ ನಿಂತಳು.

"ಮೈಸೂರ್ಗೆ ತೋರ್ಸಕೆ ಓಯ್ತೀರಾ?" ಎಂದು ಕೇಳಿದಳು.

ಮಲ್ಲಿಕಾರ್ಜುನಸ್ವಾಮಿ ಹೌದೆಂದು ತಲೆಯಾಡಿಸಿದರು. ಕಣ್ಣಲ್ಲಿ ನೀರು ಬಂದಿತ್ತು.

"ನಿಮ್ಗೆ ಬಂದಿರಾ ಕೆಮ್ಮೇ ನಮ್ ಭಾಗ್ಯಂಗೂ ಬಂದಿರಾದು. ಒಂದೇ ರೂಮಿಂದು. ಅವ್ಳಿಗೆ ಬಸ್ಸಲ್ಲಿ ಆಗದಿಲ್ಲ. ನಿಮ್ ಕಾರಲ್ಲಿ ಅವ್ಳನ್ನೂ ಕೂರ್ಸ್ಕಂಡೋಗಿ. ನೀವು ಕುಂತಿರ್ತೀರಲ್ಲ, ಅದೇ ಸೀಟಲ್ಲಿ, ಪಕ್ಕದಲ್ಲಿ. ಔಸ್ದಿ ಒಡೀದೆ."

ಅವರು ಉತ್ತರ ಹೇಳಲು ಬಾಯಿ ತೆರೆದರು. ಕೆಮ್ಮು ಬಂತು. ಮತ್ತೆ ತೆರೆದರು. ಮತ್ತೆ ಬಂತು.

ಚಿಕ್ಕನಿಂಗಮ್ಮನಿಗೆ ಅವಸರವಿರಲಿಲ್ಲ. ಕೆಮ್ಮು ನಿಲ್ಲಲಿ ಎಂದು ಅಲ್ಲೇ ನಿಂತಿದ್ದಳು.